ಮಸಿಯನ್ನೇ ಉರಿಸುವ ಒಲೆ

ಮಳೆಗಾಲಕ್ಕೆ ಮುಂಚೆ ಮಡಿಕೇರಿ ಸುತ್ತಿನ ಕಾಫಿ ತೋಟಗಳಲ್ಲಿ ಕಳೆ ಕೊಚ್ಚುವ ಮಷಿನ್ ಸದ್ದು ಜೋರು. ನಮ್ಮಲ್ಲೂ ಅಷ್ಟೇ. ಮೊನ್ನೆ ಪೆಟ್ರೋಲ್ ತುಂಬಿಸುವಾಗ ನಾಲ್ಕು ಹನಿ ಕಾಫಿ ಕಣದ ಮೇಲೆ ಚೆಲ್ಲಿತು. ಬಟ್ಟೆ ತರುವಷ್ಟರಲ್ಲಿ ಆರಿಹೋಗಿತ್ತು. ಗೇಟಿನಾಚೆ ರಸ್ತೆಯ ಟಾರು ಎಂಥ ಬಿಸಿಲಿಗೂ ಆರಿಹೋಗುವುದಿಲ್ಲ, ಅಲ್ವಾ? ಎರಡೂ ಬರುವುದು ಕಚ್ಚಾ ತೈಲದಿಂದಲೇ.

ವ್ಯತ್ಯಾಸ ಇರುವುದು ಇಂಗಾಲದ ಸರಪಳಿಯ ಉದ್ದದಲ್ಲಿ. ಪೆಟ್ರೋಲ್ ಅಣುವಿನಲ್ಲಿ ಸುಮಾರು 5ರಿಂದ 12 ಇಂಗಾಲ. ಭಾರದ ಎಣ್ಣೆಯಲ್ಲಿ 20, 30, ಇನ್ನೂ ಜಾಸ್ತಿ. ಕಚ್ಚಾ ತೈಲವನ್ನು ಸುಮ್ನೆ ಕಾಯಿಸಿ ಆವಿ ಹಿಡಿದರೆ ಬೇಕಾದಷ್ಟು ಪೆಟ್ರೋಲ್ ಸಿಗುವುದಿಲ್ಲ. ಉದ್ದದ ಸರಪಳಿಗಳನ್ನು ಮುರಿಯಬೇಕು. ಅದೇ ಕ್ರ್ಯಾಕಿಂಗ್. 16 ಇಂಗಾಲದ ಸರಪಳಿ ನಡುವೆ ಮುರಿದರೆ 8 ಇಂಗಾಲದ ಎರಡು ತುಂಡು. ಇಂಗಾಲಕ್ಕೆ ಅಂಟಿಕೊಂಡಿರುವ ಹೈಡ್ರೋಜನ್ ಮಾತ್ರ ಸಮಪಾಲಾಗುವುದಿಲ್ಲ: ಒಂದಕ್ಕೆ 18, ಇನ್ನೊಂದಕ್ಕೆ 16.

ಬರೀ ಬಿಸಿ ಮತ್ತು ಒತ್ತಡದಿಂದ ಮುರಿಯುವ ವಿಧಾನಕ್ಕೆ ಅಮೆರಿಕದ ವಿಲಿಯಂ ಬರ್ಟನ್ 1913ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಫ್ರಾನ್ಸ್‌ನ ಯೂಜೀನ್ ಹೌಡ್ರಿ ಜೇಡಿಮಣ್ಣಿನಂಥ ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಬಳಸಿದರು. ಪೆಟ್ರೋಲ್ ಜಾಸ್ತಿ ಬಂತು, ಗುಣವೂ ಸುಧಾರಿಸಿತು. ಆದರೆ ಒಂದು ಕಾಟ. ಮುರಿಯುವಾಗ ಸ್ವಲ್ಪ ಇಂಗಾಲ ಮಸಿಯಾಗಿ ವೇಗವರ್ಧಕಕ್ಕೆ ಮೆತ್ತಿಕೊಳ್ಳುತ್ತದೆ. ನಮ್ಮ ಬಚ್ಚಲ ಹಂಡೆಯ ತಳಕ್ಕೆ ಹಿಡಿದಂತೆ. ಕೆಲವೇ ನಿಮಿಷಕ್ಕೆ ಕೆಲಸ ಮಂದವಾಗಿ, ಎಣ್ಣೆ ನಿಲ್ಲಿಸಿ ಮಸಿ ಸುಡಬೇಕಿತ್ತು.

1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಶುರುವಾದ ಘಟಕದಲ್ಲಿ ಇದಕ್ಕೆ ದಾರಿ ಸಿಕ್ಕಿತು. ನನಗೆ ತುಂಬಾ ಇಷ್ಟವಾದ ಉಪಾಯವಿದು. ವೇಗವರ್ಧಕವನ್ನು ನುಣ್ಣಗೆ ಹಿಟ್ಟಿನಂತೆ ಮಾಡಿದರು. ಕೆಳಗಿಂದ ಗಾಳಿ ಊದಿದರೆ ಆ ಪುಡಿ ನೀರಿನಂತೆಯೇ ಹರಿಯುತ್ತದೆ. ಈಗಿನ ಘಟಕಗಳಲ್ಲಿ ಕಾದ ಪುಡಿಗೆ ಎಣ್ಣೆ ಸಿಂಪಡಿಸುತ್ತಾರೆ. ಎಣ್ಣೆ ಆವಿಯಾಗಿ, ಪುಡಿಯನ್ನೂ ಹೊತ್ತು ಉದ್ದನೆಯ ಕೊಳವೆಯಲ್ಲಿ ಮೇಲೇರುತ್ತದೆ. ಅಲ್ಲಿ 500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ. ಕೆಲವೇ ಸೆಕೆಂಡಿನಲ್ಲಿ ಸರಪಳಿಗಳು ತುಂಡಾಗುತ್ತವೆ. ಮಸಿ ಹಿಡಿದ ಪುಡಿ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಅಲ್ಲಿ ಗಾಳಿ ಸಿಕ್ಕಿ ಮಸಿ ಉರಿಯುತ್ತದೆ, ಪುಡಿ ಸುಮಾರು 700 ಡಿಗ್ರಿಗೆ ಕಾಯುತ್ತದೆ. ಅದೇ ಬಿಸಿ ಪುಡಿ ಮತ್ತೆ ಎಣ್ಣೆಯ ಹತ್ತಿರ ಬರುತ್ತದೆ. ಮುಂದಿನ ಎಣ್ಣೆ ಮುರಿಯಲು ಬೇಕಾದ ಬಿಸಿ ಸಿಗುವುದು ಹಿಂದಿನ ಎಣ್ಣೆ ಬಿಟ್ಟ ಮಸಿಯಿಂದ!

ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದರೆ, ಎಂಆರ್‌ಪಿಎಲ್ ಸಂಸ್ಕರಣಾಗಾರದಲ್ಲೂ ಇಂಥ ಘಟಕವಿದೆ. ಇಂಥ ಕೊಳವೆಯಿಂದ 3-4 ಇಂಗಾಲದ ಪುಟ್ಟ ತುಂಡುಗಳೂ ಹೊರಬರುತ್ತವೆ. ಅಡುಗೆ ಗ್ಯಾಸ್‌ನಲ್ಲಿ ಇರುವುದು ಅವೇ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಸೌದೆಯೆಲ್ಲ ಒದ್ದೆಯಾಗಿ ಒಲೆ ಹತ್ತದಿದ್ದಾಗ ನಮ್ಮನೆಯಲ್ಲಿ ಕಾಫಿ ಕಾಯುವುದು ಆ ಗ್ಯಾಸ್‌ನಲ್ಲೇ.