ತೋಟದ ಕೆಲಸವೂ ಓಟದ ಲೆಕ್ಕಕ್ಕೆ ಸೇರಲಿ

ಉಡುಪಿ ಹತ್ತಿರದ ಶಂಕರಪುರದ ಕಡೆಯ ಒಬ್ಬರು ಕುಂಟುತ್ತಾ ನನ್ನ ಹತ್ತಿರ ಬಂದರು. ವಯಸ್ಸು 42. ಮಲ್ಲಿಗೆ ತೋಟ, ಹಟ್ಟಿಯಲ್ಲಿ ಎರಡು ದನ. ಕಾಲೇಜಿನಲ್ಲಿ 1500 ಮೀಟರ್ ಓಡುತ್ತಿದ್ದವರು. 20 ವರ್ಷದ ಮೇಲೆ ಮತ್ತೆ ಓಡಲು ಶುರುಮಾಡಿದ್ದರು. ಮೂರೇ ವಾರಕ್ಕೆ ಹಿಮ್ಮಡಿಯ ಮೇಲೆ 'ನರ' ಹಿಡಿದಿತ್ತು.

"ಡಾಕ್ಟ್ರೇ, ಬೆಳಿಗ್ಗೆಯಿಂದ ರಾತ್ರಿವರೆಗೆ ದುಡಿಯುವವಳು ನಾನು. ನನಗೆ ಹೀಗಾಗೋದು ಹೇಗೆ?" (ನಾನು ಡಾಕ್ಟ್ರಲ್ಲ, ಫಿಸಿಯೋ. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.)

ಜನ ನರ ಅನ್ನುವುದು ಇಲ್ಲಿ ನರವಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು ಅದು. ನಡೆಯುವಾಗ ಒಂದು ಕಾಲು ಯಾವಾಗಲೂ ನೆಲದಲ್ಲಿರುತ್ತದೆ. ಓಡುವಾಗ ಒಂದು ಕ್ಷಣ ಎರಡೂ ಗಾಳಿಯಲ್ಲಿದ್ದು, ಇಳಿಯುವಾಗ ಮೈಭಾರದ ಎರಡು ಮೂರು ಪಟ್ಟು ಹೊರೆ ಒಂದೇ ಕಾಲಿಗೆ ಬೀಳುತ್ತದೆ. ಹೂ ಕೊಯ್ಯುವುದು, ಹುಲ್ಲು ಹೊರುವುದು ಬೆನ್ನನ್ನೂ ತೋಳನ್ನೂ ಗಟ್ಟಿ ಮಾಡಬಹುದು. ಈ ಪುಟಿಯುವ ಕೆಲಸವನ್ನು ಕಲಿಸುವುದಿಲ್ಲ. ಗೋಡೆ ಹಿಡಿದು ಒಂದೇ ಕಾಲಿನ ಹಿಮ್ಮಡಿ ಎತ್ತಿ ಇಳಿಸಿ ಅಂದೆ. ನೋವಿಲ್ಲದ ಕಾಲಿನಲ್ಲೇ ಒಂಬತ್ತಕ್ಕೆ ನಿಂತರು. 20 ದಾಟಿದರೆ ನನಗೆ ಸಮಾಧಾನ.

ಇನ್ನೊಂದು ಮೋಸ ಉಂಟು. ಓಟಕ್ಕೆ ಉಸಿರು ಕೆಲವೇ ವಾರಗಳಲ್ಲಿ ಒಗ್ಗುತ್ತದೆ, ಸ್ನಾಯುರಜ್ಜಿಗೆ ತಿಂಗಳುಗಳು ಬೇಕು. ಮೂರನೇ ವಾರ 'ಆರಾಮಾಗಿ ಓಡ್ತೇನೆ' ಅನ್ನಿಸುತ್ತದಲ್ಲ, ಕಾಲು ಕೈಕೊಡುವುದು ಆಗಲೇ.

ಅವರ ದಿನಚರಿ ಕೇಳಿದೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು. ಆಮೇಲೆ ನೆಲದಲ್ಲಿ ಚಕ್ಕಳಮಕ್ಕಳ ಕೂತು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಮಾರುವ ಕಟ್ಟೆಗೆ ಅದು ಹೋಗುವವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ಇವರಿಗೆ 'ಬೆಳಿಗ್ಗೆ ಐದಕ್ಕೆ ಎದ್ದು ಓಡಿ' ಅಂದರೆ ಹಾಸ್ಯವಾಗುತ್ತದೆ. ಸಂಜೆ, ಹಾಲು ಡೈರಿಗೆ ಕೊಟ್ಟು ಬರುವಾಗ, ಶಾಲೆಯ ಮೈದಾನ ಅಂತ ಗೊತ್ತುಮಾಡಿದೆವು. ನೋವು ಇಳಿದ ಮೇಲೆ ವಾರಕ್ಕೆ ಮೂರು ದಿನ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. 24 ನಿಮಿಷ, ಅಷ್ಟೇ.

ಆ ಮೂರು ದಿನ ಯಾವುದು ಅಂತ ಕ್ಯಾಲೆಂಡರ್ ನೋಡಿ ಹೇಳಲಿಲ್ಲ. ಬುಡಕ್ಕೆ ಗೊಬ್ಬರ ಹೊತ್ತ ದಿನ ಓಟವಿಲ್ಲ. ಮದುವೆ ಸೀಸನ್‌ನಲ್ಲಿ ನಿದ್ದೆ ಕೆಟ್ಟರೆ ಮರುದಿನವೂ ಇಲ್ಲ. ದೇಹಕ್ಕೆ ಗೊಬ್ಬರದ ಬುಟ್ಟಿ ಬೇರೆ, ವ್ಯಾಯಾಮ ಬೇರೆ ಅಂತಿಲ್ಲ. ಎರಡರ ದಣಿವೂ ಒಂದೇ ಖಾತೆಗೆ ಹೋಗುತ್ತದೆ.

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳನ್ನು ಗಮನಿಸಿ. ನಿನ್ನೆಗಿಂತ ಜಾಸ್ತಿ ನೋವಿದ್ದರೆ ಅವತ್ತು ರಜೆ. ಇನ್ನು ನಮ್ಮ ಕರಾವಳಿಯ ಸೆಖೆ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೂ ಎದೆಬಡಿತ ಏರುತ್ತದೆ. ವಾಚ್ ಬಿಡಿ, ಒಂದಿಡೀ ವಾಕ್ಯ ಮಾತಾಡಲು ಆಗುವಷ್ಟು ನಿಧಾನ ಓಡಿ. ಬಂದ ಮೇಲೆ ಉಪ್ಪು ಹಾಕಿದ ಗಂಜಿತಿಳಿ ಸಾಕು. ಬಿಪಿ, ಶುಗರ್ ಇದ್ದವರು ಮೊದಲು ಡಾಕ್ಟರನ್ನು ಕಾಣಿ; ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ.

"ಕಂಬಳದವರು ಬರಿಗಾಲಲ್ಲಿ ಓಡ್ತಾರಲ್ವಾ, ಶೂ ಯಾಕೆ?" ಅಂತ ಅವರ ಗಂಡ ಕೇಳಿದರು. ಕಂಬಳ ಕೆಸರಿನ ಮೇಲೆ, ಕೆಲವು ಸೆಕೆಂಡುಗಳ ಓಟ ಮಾರಾಯ್ರೆ. ಡಾಮರಿನ ಮೇಲೆ ಅರ್ಧ ಗಂಟೆ ಬೇರೆಯೇ ಲೆಕ್ಕ. ಮಲ್ಪೆ ಬೀಚಿನ ಮರಳೂ ಶುರುವಿಗೆ ಬೇಡ. ಮೆತ್ತಗಿನ ಮರಳಲ್ಲಿ ಮೀನಖಂಡಕ್ಕೆ ಕೆಲಸ ಜಾಸ್ತಿ.

ಮಳೆಗಾಲದಲ್ಲಿ ದಾರಿಯೆಲ್ಲ ಪಾಚಿ. ಆಗ ಅವರು ಜಗಲಿಯ ಮೆಟ್ಟಿಲಲ್ಲಿ ಹಿಮ್ಮಡಿ ಎತ್ತಿ ಇಳಿಸಿದರು, ಎರಡು ದಿನಕ್ಕೊಮ್ಮೆ, ಬಿಡದೆ. ಮೊನ್ನೆ ಫೋನ್ ಮಾಡಿ, ನಿಲ್ಲದೆ 20 ನಿಮಿಷ ಓಡಿದೆ ಅಂದರು. ಈ ವಾರ ಮಾತ್ರ ಓಟ ಇಲ್ಲವಂತೆ. ದನ ಕರು ಹಾಕಿದೆ.