ಟಾಲ್‌ಸ್ಟಾಯ್ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಅನಾಥನಾಗಿ ಸತ್ತನಾ?

ಪ್ರಶ್ನೆ: ರಷ್ಯಾದ ಲೇಖಕ ಟಾಲ್‌ಸ್ಟಾಯ್ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಸನ್ಯಾಸಿಯಾಗಿ ಮನೆ ಬಿಟ್ಟು, ಕೊನೆಗೆ ಯಾವುದೋ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ದಿಕ್ಕಿಲ್ಲದೆ ಸತ್ತರು ಎಂದು ಓದಿದೆ. ನಿಜವೇ? ಅವರು ನಾಸ್ತಿಕರಾಗಿದ್ದರಂತೆ, ಅದೂ ನಿಜವೇ?

ಉತ್ತರ: ಈ ಪ್ರಶ್ನೆ ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಬರುತ್ತದೆ. ನವೆಂಬರಿನಲ್ಲಿ ಜಾಸ್ತಿ. ಆತ ತೀರಿಕೊಂಡ ತಿಂಗಳು ಅದು, ವಾಟ್ಸ್‌ಆ್ಯಪ್‌ನಲ್ಲಿ ಹಳೇ ಕಥೆ ಮತ್ತೆ ಸುತ್ತಲು ಶುರುವಾಗುತ್ತದೆ. ಗಡ್ಡದ ಮುದುಕನ ಫೋಟೊ, ಕೆಳಗೆ ಕಣ್ಣೀರು ಬರಿಸುವ ನಾಲ್ಕು ಸಾಲು, ಕೊನೆಗೆ ಕೈ ಮುಗಿದ ಚಿತ್ರ. ಹೋದ ಸಲ ಬಂದದ್ದರಲ್ಲಿ ಜೇಬಿನಲ್ಲಿ ಒಂದು ಕಾಸೂ ಇರಲಿಲ್ಲ ಎಂದು ಸೇರಿಸಿದ್ದರು. ಮುಂದಿನ ಸಲ ಮಳೆಯೂ ಸುರಿಯಬಹುದು.

ಮನೆ ಬಿಟ್ಟದ್ದು ನಿಜ. ಉಳಿದ ಯಾವುದೂ ನಿಜವಲ್ಲ.

ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ಮೆಚ್ಚಿದ ಲೇಖಕನನ್ನು ‘ಅವನು’ ಅನ್ನುವುದು ನಮ್ಮಲ್ಲಿ ಹಳೇ ಸಲಿಗೆ.

ಮೊದಲು ಆಸ್ತಿ ವಿಷಯ ಮುಗಿಸೋಣ, ಅದು ಸುಲಭ. ಟಾಲ್‌ಸ್ಟಾಯ್ ಹುಟ್ಟಿದ್ದು 1828ರಲ್ಲಿ, ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ ಯಾಸ್ನಾಯ ಪೊಲ್ಯಾನ ಎಂಬ ಹಳ್ಳಿಯಲ್ಲಿ. ಜಮೀನ್ದಾರರ ಮನೆತನ, ಹೆಸರಿನ ಹಿಂದೆ ಕೌಂಟ್ ಪದವಿ. ಪ್ರಾಯದಲ್ಲಿ ಜೂಜಿನ ಹುಚ್ಚು ಎಷ್ಟಿತ್ತೆಂದರೆ, ಸಾಲ ತೀರಿಸಲು ತಾನು ಹುಟ್ಟಿದ ದೊಡ್ಡ ಮನೆಯನ್ನೇ ಮಾರಿದ. ಕೊಂಡವನು ಅದನ್ನು ಬಿಚ್ಚಿಸಿ ಸಾಗಿಸಿಕೊಂಡು ಹೋದ. ಈಗ ಅಲ್ಲಿಗೆ ಹೋದವರು ನೋಡುವುದು ಪಕ್ಕದಲ್ಲಿ ಉಳಿದ ಭಾಗವನ್ನು. ಐವತ್ತು ದಾಟಿದ ಮೇಲೆ ಆಸ್ತಿ ಇಟ್ಟುಕೊಳ್ಳುವುದೇ ಪಾಪ ಎಂಬ ನಂಬಿಕೆ ಬಂತು. ಬಂದಮೇಲೆ ಮಾಡಿದ್ದೇನು? 1892ರಲ್ಲಿ ಎಲ್ಲವನ್ನೂ ಹೆಂಡತಿ ಮತ್ತು 9 ಮಕ್ಕಳ ಹೆಸರಿಗೆ ಪಾಲು ಮಾಡಿಕೊಟ್ಟ. ನಮ್ಮ ಕಡೆ ಪಾಲುಪಾರೀಕತ್ತು ಅಂತೀವಲ್ಲ, ಅದೇ. ಯಾಸ್ನಾಯ ಪೊಲ್ಯಾನ ಹೆಂಡತಿ ಸೋಫಿಯಾಗೂ ಕೊನೇ ಮಗ ವಾನ್ಯನಿಗೂ ಬಂತು. ನನಗೆ ಪಾಲು ಬೇಡ ಎಂದವಳು ಮಗಳು ಮಾಷಾ ಒಬ್ಬಳೇ. ಅವಳೂ ಮದುವೆಯ ಹೊತ್ತಿಗೆ ತೆಗೆದುಕೊಂಡಳು.

ಆಮೇಲೆ 18 ವರ್ಷ ಆತ ಅದೇ ಮನೆಯಲ್ಲಿ, ಹೆಂಡತಿಯ ಹೆಸರಿನ ಮನೆಯಲ್ಲಿ ಇದ್ದ. ಹೊಲ ಉಳುತ್ತಿದ್ದ, ಬೂಟು ಹೊಲಿಯುತ್ತಿದ್ದ, ಮಾಂಸ ಬಿಟ್ಟಿದ್ದ. ಊಟದ ಮೇಜಿನಲ್ಲಿ ಬಡಿಸುವವನು ಮಾತ್ರ ಬಿಳಿ ಕೈಗವಸು ಹಾಕಿದ ಆಳು. ಇದು ಆತನಿಗೇ ನಾಚಿಕೆ ತರುತ್ತಿತ್ತು, ದಿನಚರಿಯಲ್ಲಿ ಮತ್ತೆ ಮತ್ತೆ ಬರೆದುಕೊಂಡಿದ್ದಾನೆ.

ಸನ್ಯಾಸದ ಮಾತಿಗೆ ಬರೋಣ. ಕನ್ನಡದಲ್ಲಿ ಈ ಗೊಂದಲ ಬೇರೂರಲು ಒಂದು ಕಾರಣ ನಾವು ಆತನಿಗೆ ಕೊಟ್ಟ ಬಿರುದು. ಮಾಸ್ತಿಯವರ ಕಥೆಯ ಹೆಸರಲ್ಲೇ ‘ಟಾಲ್‌ಸ್ಟಾಯ್ ಮಹರ್ಷಿ’ ಇದೆ. ಗಡ್ಡ ಇತ್ತು, ಮಹರ್ಷಿ ಎಂದರು, ಮನೆ ಬಿಟ್ಟ. ಇನ್ನೇನು, ಸನ್ಯಾಸಿ! ಆದರೆ ಆತನ ತಲೆಯಲ್ಲಿದ್ದದ್ದು ಬೇರೆ. 1897ರಲ್ಲೇ, ಅಂದರೆ 13 ವರ್ಷ ಮೊದಲೇ, ಹೆಂಡತಿಗೆ ಒಂದು ಕಾಗದ ಬರೆದು ಬಚ್ಚಿಟ್ಟಿದ್ದ. ಆಕೆಯ ಕೈಗೆ ಅದು ಸಿಕ್ಕಿದ್ದು ಆತ ಸತ್ತ ಮೇಲೆ. ಅದರಲ್ಲಿ ಬರೆದಿದ್ದಾನೆ: ಹಿಂದೂಗಳು ಅರವತ್ತರ ಹತ್ತಿರ ಕಾಡಿಗೆ ಹೋಗುವ ಹಾಗೆ, ದೇವರನ್ನು ನಂಬಿದ ಪ್ರತಿ ಮುದುಕನಿಗೂ ಕೊನೆಯ ವರ್ಷಗಳನ್ನು ದೇವರಿಗೆ ಕೊಡಬೇಕು ಅನ್ನಿಸುತ್ತದೆ, ಹರಟೆಗೂ ಟೆನಿಸ್ಸಿಗೂ ಅಲ್ಲ. ನೋಡಿ, ಆತ ಕೇಳಿದ್ದು ವಾನಪ್ರಸ್ಥ. ಸನ್ಯಾಸಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡಿಗರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ನಮ್ಮ ವಾನಪ್ರಸ್ಥದಲ್ಲಿ ಹೆಂಡತಿ ಜೊತೆಗೆ ಹೋಗಬಹುದು. ಇಲ್ಲಿ ಆತ ಹೊರಟದ್ದೇ ಹೆಂಡತಿಗೆ ಗೊತ್ತಾಗದ ಹಾಗೆ.

ಆ ರಾತ್ರಿ 1910ರ ಅಕ್ಟೋಬರ್ 28. (ನವೆಂಬರ್ 10 ಎಂದು ಬೇರೆ ಕಡೆ ಓದಿದ್ದರೆ ಅದೂ ಸರಿ. ರಷ್ಯಾದಲ್ಲಿ ಆಗ ಹಳೇ ಕ್ಯಾಲೆಂಡರ್, ನಮ್ಮದಕ್ಕಿಂತ 13 ದಿನ ಹಿಂದೆ. ಇದರ ಬಗ್ಗೆ ದಯವಿಟ್ಟು ಕಾಗದ ಬರೆಯಬೇಡಿ.) ಆತನಿಗೆ 82 ವರ್ಷ. ನಡುರಾತ್ರಿ ಎಚ್ಚರವಾದಾಗ ಓದುವ ಕೋಣೆಯಲ್ಲಿ ಬೆಳಕು, ಕಾಗದ ತಡಕುವ ಸದ್ದು. ಹುಡುಕುತ್ತಿದ್ದವಳು ಸೋಫಿಯಾ. ಗಂಡ ಗುಟ್ಟಾಗಿ ಉಯಿಲು ಬರೆದಿದ್ದಾನೆ ಎಂದು ಆಕೆಗೆ ಅನುಮಾನ. ಅನುಮಾನ ಸುಳ್ಳೂ ಅಲ್ಲ. ಜುಲೈನಲ್ಲಿ ಕಾಡಿಗೆ ಹೋಗಿ, ಕಡಿದ ಮರದ ಬೊಡ್ಡೆಯ ಮೇಲೆ ಕೂತು ಸಹಿ ಹಾಕಿ ಬಂದಿದ್ದ. ಪುಸ್ತಕಗಳ ಹಕ್ಕು ಹೆಂಡತಿಗೆ ಸಿಗದೆ, ಕಿರಿಯ ಮಗಳು ಸಾಷಾಳ ಮೂಲಕ ಎಲ್ಲರಿಗೂ ಬಿಟ್ಟಿಯಾಗಿ ಸಿಗಲಿ ಎಂಬುದು ಅದರ ತಿರುಳು.

ಆಕೆ ಮಲಗಿದ ಮೇಲೆ ಮುದುಕ ಎದ್ದ. ಬಾಗಿಲುಗಳನ್ನು ಮೆಲ್ಲಗೆ ಮುಚ್ಚಿದ. ಡಾಕ್ಟರ್ ಮಕೊವಿಟ್ಸ್ಕಿಯನ್ನೂ ಸಾಷಾಳನ್ನೂ ಎಬ್ಬಿಸಿದ. ಅವರು ಗಂಟುಮೂಟೆ ಕಟ್ಟುತ್ತಿರುವಾಗ ತಾನೇ ಲಾಯದ ಕಡೆಗೆ ಹೊರಟ, ಗಾಡಿ ಹೂಡಿಸಲು. ಹೊರಗೆ ಕಗ್ಗತ್ತಲು. ತಾನು ಹುಟ್ಟಿ ಬೆಳೆದ ಅಂಗಳದಲ್ಲೇ ದಾರಿ ತಪ್ಪಿತು. ಮರಕ್ಕೆ ಢಿಕ್ಕಿ ಹೊಡೆದು ಬಿದ್ದ, ಟೋಪಿ ಕಳೆದುಹೋಯಿತು. ಎಷ್ಟು ತಡಕಿದರೂ ಸಿಗಲಿಲ್ಲ. ವಾಪಸ್ ಮನೆಗೆ ಬಂದು ಬೇರೆ ಟೋಪಿ, ಲಾಟೀನು ತಗೊಂಡು ಮತ್ತೆ ಹೋದ. ಇದನ್ನೆಲ್ಲ ಆತನೇ ದಿನಚರಿಯಲ್ಲಿ ಬರೆದಿದ್ದಾನೆ. ಸಿದ್ಧಾರ್ಥ ಅರಮನೆ ಬಿಟ್ಟ ರಾತ್ರಿಗೆ ಇದನ್ನು ಹೋಲಿಸುವವರಿಗೆ ಈ ಟೋಪಿಯನ್ನು ನೆನಪಿಸಬೇಕು ಅನ್ನಿಸುತ್ತದೆ ನನಗೆ.

ಹೆಂಡತಿಗೆ ಇಟ್ಟುಹೋದ ಚೀಟಿಯಲ್ಲಿ, ನನ್ನ ವಯಸ್ಸಿನ ಮುದುಕರು ಸಾಮಾನ್ಯವಾಗಿ ಮಾಡುವುದನ್ನೇ ನಾನೂ ಮಾಡುತ್ತಿದ್ದೇನೆ, ಕೊನೆಯ ದಿನಗಳನ್ನು ಒಂಟಿಯಾಗಿ ನೆಮ್ಮದಿಯಿಂದ ಕಳೆಯಲು ಹೋಗುತ್ತಿದ್ದೇನೆ ಎಂದಿತ್ತು. ಓದಿದ ಸೋಫಿಯಾ ಮನೆಯ ಹತ್ತಿರದ ಕೊಳಕ್ಕೆ ಹಾರಿದಳು. ಸಾಷಾ ಮತ್ತು ಮನೆಯಲ್ಲಿದ್ದವರು ಎಳೆದು ಹೊರಗೆ ತಂದರು.

ಈಗ ಆ ಪ್ಲಾಟ್‌ಫಾರ್ಮ್. ದಯವಿಟ್ಟು ನಿಧಾನವಾಗಿ ಓದಿ, ಇನ್ನೊಂದು ಸಲ ಬರೆಯುವ ತಾಳ್ಮೆ ನನಗಿಲ್ಲ.

ಡಾಕ್ಟರ್ ಮೊದಲ ದಿನದಿಂದಲೂ ಜೊತೆಗೇ ಇದ್ದ. ಥರ್ಡ್ ಕ್ಲಾಸ್ ಬೋಗಿ, ಹೊಗೆ, ನೂಕುನುಗ್ಗಲು. ಗಾಳಿಗೆಂದು ಮುದುಕ ಬೋಗಿಯ ತುದಿಯ ತೆರೆದ ಜಾಗಕ್ಕೆ ಹೋಗಿ ಆ ಚಳಿಯಲ್ಲಿ ನಿಂತ. ತಂಗಿ ಮರಿಯಾ ಸನ್ಯಾಸಿನಿಯಾಗಿದ್ದ ಷಮೊರ್ದಿನೊ ಮಠಕ್ಕೆ ಹೋದ. ಅಲ್ಲಿ ಗುಡಿಸಲು ಹಿಡಿದು ಇರುವ ಯೋಚನೆಯೂ ಇತ್ತು. ಅಷ್ಟರಲ್ಲಿ ಸಾಷಾ ಬಂದಳು, ಅಮ್ಮ ಹುಡುಕಿಕೊಂಡು ಬಂದಾಳು ಎಂಬ ಭಯ ತಂದಳು. ಮತ್ತೆ ರೈಲು, ದಕ್ಷಿಣಕ್ಕೆ. ದಾರಿಯಲ್ಲಿ ಜ್ವರ ಏರಿತು. ಅಕ್ಟೋಬರ್ 31ರ ಸಂಜೆ ಅಸ್ತಾಪೊವೊ ಎಂಬ ಸ್ಟೇಷನ್ನಿನಲ್ಲಿ ಇಳಿಸಿದರು. ಊರಲ್ಲಿ ಹೋಟೆಲ್ ಇಲ್ಲ. ಸ್ಟೇಷನ್ ಮಾಸ್ತರ್ ಇವಾನ್ ಒಜೋಲಿನ್ ತನ್ನ ಮನೆಯನ್ನೇ ಬಿಟ್ಟುಕೊಟ್ಟ. ಟಾಲ್‌ಸ್ಟಾಯ್ ಮಲಗಿದ್ದು, ಸತ್ತದ್ದು ಆ ಮನೆಯ ಕೋಣೆಯಲ್ಲಿ, ಮಂಚದ ಮೇಲೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ.

ದಿಕ್ಕಿಲ್ಲದೆ? ಆ ಕೋಣೆಯಲ್ಲಿ ಯಾರ್ಯಾರಿದ್ದರು ಲೆಕ್ಕ ಹಾಕಿ. ಸಾಷಾ ಇದ್ದಳು. ಮಕೊವಿಟ್ಸ್ಕಿ ಇದ್ದ. ಅಚ್ಚುಮೆಚ್ಚಿನ ಶಿಷ್ಯ ಚೆರ್ಟ್‌ಕೋವ್ ಬಂದ. ಹಿರಿಮಗ ಸೆರ್ಗೆಯ್, ಮಗಳು ತಾತ್ಯಾನ ಬಂದರು. ಡಾಕ್ಟರುಗಳೇ ಐದಾರು ಜನ ಆದರು. ಹೊರಗೆ ಪತ್ರಕರ್ತರ ಹಿಂಡು, ಪೊಲೀಸರು, ಸಿನಿಮಾ ಕ್ಯಾಮೆರಾ ಹಿಡಿದು ನಿಂತ ಪಾಥೆ ಕಂಪನಿಯವರು. ಆ ಪುಟ್ಟ ಸ್ಟೇಷನ್ನಿನ ತಂತಿ ಯಂತ್ರಕ್ಕೆ ಬಿಡುವೇ ಇರಲಿಲ್ಲ. ಜ್ವರ ಎಷ್ಟು, ನಾಡಿ ಎಷ್ಟು ಎಂಬುದು ಪತ್ರಿಕೆಗಳಿಗೆ ಹೋಗುತ್ತಿತ್ತು. ಒಂಟಿಯಾಗಿರಲು ಹೊರಟವನಿಗೆ ಸಿಗದೇ ಹೋದದ್ದು ಒಂಟಿತನ ಒಂದೇ.

ನವೆಂಬರ್ 7ರ ಬೆಳಗ್ಗೆ 6 ಗಂಟೆ 5 ನಿಮಿಷಕ್ಕೆ ಪ್ರಾಣ ಹೋಯಿತು. ಹೊಸ ಕ್ಯಾಲೆಂಡರಿನಲ್ಲಿ ನವೆಂಬರ್ 20. ಸ್ಟೇಷನ್ನಿಗೆ ಈಗ ಲೆವ್ ಟಾಲ್‌ಸ್ಟಾಯ್ ಎಂದೇ ಹೆಸರು.

ಹಾಗಾದರೆ ಆ ಸ್ಟೇಷನ್ನಿನಲ್ಲಿ ಯಾರೂ ಒಂಟಿಯಾಗಿರಲಿಲ್ಲವೇ? ಒಬ್ಬರಿದ್ದರು. ಅವರ ಬಗ್ಗೆ ನೀವು ಕೇಳಿಲ್ಲ. ನಂಬಿಕೆಯ ಪ್ರಶ್ನೆ ಮುಗಿಸಿ ಅಲ್ಲಿಗೆ ಬರುತ್ತೇನೆ.

ನಾಸ್ತಿಕ ಎಂಬ ಮಾತು ಹುಟ್ಟಿದ್ದು 1901ರ ಬಹಿಷ್ಕಾರದಿಂದ. ಆ ವರ್ಷ ಫೆಬ್ರವರಿಯಲ್ಲಿ ರಷ್ಯಾದ ಚರ್ಚಿನ ಆಡಳಿತ ಮಂಡಳಿಯಾದ ಪವಿತ್ರ ಸಿನಡ್, ಈತ ನಮ್ಮವನಲ್ಲ ಎಂದು ಪ್ರಕಟಿಸಿತು. ಏಪ್ರಿಲ್‌ನಲ್ಲಿ ಆತ ಉತ್ತರ ಬರೆದ. ದೇವರನ್ನು ನಂಬುತ್ತೇನೆ, ದೇವರು ಎಂದರೆ ನನಗೆ ಚೈತನ್ಯ, ಪ್ರೀತಿ, ಎಲ್ಲದರ ಮೂಲ ಎಂದ. ಏಸು ಮನುಷ್ಯ, ಆತನನ್ನು ದೇವರೆಂದು ಪೂಜಿಸುವುದೇ ದೊಡ್ಡ ದೈವನಿಂದೆ ಎಂದೂ ಸೇರಿಸಿದ. ಚರ್ಚಿಗೆ ತಡೆಯಲಾಗದ್ದು ಇದು. ಆತ ದೇವರನ್ನು ಬಿಡಲಿಲ್ಲ, ಪವಾಡ ಬಿಟ್ಟ, ಪುರೋಹಿತರನ್ನು ಬಿಟ್ಟ. ಹಿಂಸೆಗೆ ಹಿಂಸೆಯಿಂದ ಎದುರು ನಿಲ್ಲಬೇಡ ಎಂಬ ಏಸುವಿನ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದ. ಅದರ ಬಗ್ಗೆ ಆತ ಬರೆದ ಪುಸ್ತಕವನ್ನು 1894ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಓದಿ ಬೆರಗಾದವರು ಗಾಂಧಿ. 1910ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ 1,100 ಎಕರೆಯಲ್ಲಿ ಶುರುವಾದ ಆಶ್ರಮಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಿಟ್ಟರು.

ಅಸ್ತಾಪೊವೊದಲ್ಲಿ ಜ್ವರದ ನಡುವೆ ಸಾಷಾಳಿಗೆ ಒಂದು ಮಾತು ಬರೆಸಿದ: ದೇವರು ಎಂದರೆ ಮಿತಿಯಿಲ್ಲದ ಆ ಎಲ್ಲ, ಮನುಷ್ಯ ಅದರ ಮಿತಿಯುಳ್ಳ ಒಂದು ರೂಪ ಅಷ್ಟೇ. ‘ಅರೆ, ಇದು ನಮ್ಮ ಅದ್ವೈತ!’ ಎಂದು ಕುರ್ಚಿಯಿಂದ ಏಳಬೇಡಿ. ಆತ ನಮ್ಮವರನ್ನು ಓದಿದ್ದು ಹೌದು. ಬುದ್ಧನನ್ನೂ ಚೀನಾದ ಲಾವೊತ್ಸೆಯನ್ನೂ ಅಷ್ಟೇ ಆಸೆಯಿಂದ ಓದಿದ್ದ. ಪಶ್ಚಾತ್ತಾಪದ ಒಂದು ಮಾತು ಹೇಳಿಸಲು ಆಪ್ಟಿನ ಮಠದಿಂದ ಗುರು ವರ್ಸೊನೋಫಿ ಅಲ್ಲಿಗೂ ಬಂದ. ಒಳಗೆ ಬಿಡಲಿಲ್ಲ. ಚರ್ಚಿನ ವಿಧಿಯಿಲ್ಲದೆ, ಯಾಸ್ನಾಯ ಪೊಲ್ಯಾನದ ಕಾಡಿನಲ್ಲಿ, ಅಣ್ಣ ನಿಕೊಲಾಯ್ ಚಿಕ್ಕಂದಿನಲ್ಲಿ ‘ಇಲ್ಲಿ ಒಂದು ಹಸಿರು ಕೋಲು ಹೂತಿಟ್ಟಿದ್ದೇನೆ, ಅದರಲ್ಲಿ ಎಲ್ಲರೂ ಸುಖವಾಗಿರುವ ಗುಟ್ಟು ಬರೆದಿದೆ’ ಎಂದು ಕಥೆ ಕಟ್ಟಿದ್ದ ಜಾಗದಲ್ಲಿ ಹೂಳಿದರು. ಶಿಲುಬೆ ಇಲ್ಲ, ಕಲ್ಲು ಇಲ್ಲ. ಹುಲ್ಲು ಬೆಳೆದ ಮಣ್ಣಿನ ದಿಬ್ಬ.

ಈಗ ನೀವು ಕೇಳದ ಪ್ರಶ್ನೆ. ಸೋಫಿಯಾ ಎಲ್ಲಿದ್ದಳು?

ಮನೆಗೆ ಹತ್ತಿರದ ತುಲಾ ಪಟ್ಟಣದಿಂದ ವಿಶೇಷ ರೈಲು ಮಾಡಿಸಿಕೊಂಡು ಆಕೆ ಅಸ್ತಾಪೊವೊಗೆ ಬಂದಿದ್ದಳು. ಪಕ್ಕದ ಹಳಿಯಲ್ಲಿ ನಿಲ್ಲಿಸಿದ ಬೋಗಿಯೇ ಮನೆ. ಗಂಡ ಅಷ್ಟು ಹತ್ತಿರದಲ್ಲಿ ಮಲಗಿದ್ದಾನೆ, ಒಳಗೆ ಬಿಡುತ್ತಿಲ್ಲ. ನೋಡಿದರೆ ಆತನಿಗೆ ಉದ್ವೇಗವಾಗುತ್ತದೆ ಎಂದು ಡಾಕ್ಟರುಗಳೂ ಮಕ್ಕಳೂ ಚೆರ್ಟ್‌ಕೋವನೂ ತೀರ್ಮಾನ ಮಾಡಿಬಿಟ್ಟಿದ್ದರು. ಕಿಟಕಿಯಿಂದ ಇಣುಕಲು ನೋಡುವ ಆಕೆಯನ್ನು ಪಾಥೆಯವರು ಚಿತ್ರ ತೆಗೆದಿದ್ದಾರೆ. ತಲೆಗೆ ವಸ್ತ್ರ ಸುತ್ತಿದ 66 ವರ್ಷದ ಹೆಂಗಸು, ಗೋಡೆಗೆ ಒತ್ತಿಕೊಂಡು ನಿಂತಿದ್ದಾಳೆ. ಒಳಗೆ ಕರೆದದ್ದು ಆತನಿಗೆ ಪ್ರಜ್ಞೆ ತಪ್ಪಿದ ಮೇಲೆ.

ಆಕೆಯನ್ನು ಗಯ್ಯಾಳಿ ಎಂದು ಕರೆಯುವುದು ನಮ್ಮವರಿಗೆ ಅಭ್ಯಾಸವಾಗಿದೆ. ನಾನೂ ಬಹಳ ವರ್ಷ ಹಾಗೇ ಹೇಳುತ್ತಿದ್ದೆ. ಆಮೇಲೆ ಲೆಕ್ಕ ಹಾಕಿದೆ. 18ಕ್ಕೆ ಮದುವೆ, ವರನಿಗೆ 34. ಮದುವೆಗೆ ಮೊದಲೇ ತನ್ನ ಹಳೇ ದಿನಚರಿಗಳನ್ನು ಓದಲು ಕೊಟ್ಟ, ಹಳ್ಳಿಯ ರೈತ ಹೆಂಗಸಿನ ಜೊತೆಗಿನ ಸಂಬಂಧವೂ ಸೇರಿ. 13 ಹೆರಿಗೆ, ಅದರಲ್ಲಿ 5 ಮಕ್ಕಳು ಚಿಕ್ಕವರಿದ್ದಾಗಲೇ ಹೋದರು. ಮೇಲೆ ಹೇಳಿದ ವಾನ್ಯ ಏಳು ತುಂಬುವ ಮೊದಲೇ, 1895ರಲ್ಲಿ ಜ್ವರದಿಂದ ಹೋದ. ‘ಯುದ್ಧ ಮತ್ತು ಶಾಂತಿ’ಯ ಕಾಗೆಕಾಲು ಅಕ್ಷರದ ಕರಡನ್ನು ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಮತ್ತೆ ಮತ್ತೆ ಪ್ರತಿ ಮಾಡಿದವಳು ಆಕೆ. ಪುಸ್ತಕ ಅಚ್ಚು ಹಾಕಿಸುವ ವ್ಯವಹಾರ ಹೇಗೆ ಎಂದು ದಾಸ್ತೊಯೆವ್‌ಸ್ಕಿಯ ವಿಧವೆ ಅನ್ನಾಳನ್ನು ಕೇಳಿ ತಿಳಿದುಕೊಂಡು ನಡೆಸಿದವಳೂ ಆಕೆಯೇ. 1891ರಲ್ಲಿ ಗಂಡನ ಕಥೆಯೊಂದಕ್ಕೆ ಅಡ್ಡಿ ಬಂದಾಗ ಸೀದಾ ಹೋಗಿ ತ್ಸಾರ್ ಮೂರನೇ ಅಲೆಕ್ಸಾಂಡರನ ಹತ್ತಿರ ಮಾತಾಡಿ ಒಪ್ಪಿಗೆ ತಂದಳು. ಅದು ಯಾವ ಕಥೆ ಗೊತ್ತಾ? ಮದುವೆ ಎಂಬುದೇ ಕೆಟ್ಟದ್ದು ಎಂದು ಕೂಗುವ ‘ಕ್ರೂಟ್ಸರ್ ಸೊನಾಟ’. ಓದಿದವರು ಅದರಲ್ಲಿ ಆಕೆಯ ಸಂಸಾರವನ್ನೇ ಹುಡುಕಿದ್ದರು.

ಬಹಿಷ್ಕಾರ ಬಂದಾಗ ಸಿನಡ್‌ಗೆ ಸಿಟ್ಟಿನ ಕಾಗದ ಬರೆದವಳೂ ಆಕೆ. ಆಕೆ ಮಾತ್ರ ಕೊನೆಯವರೆಗೂ ಚರ್ಚಿನ ಭಕ್ತೆ. ಉಪವಾಸ, ಪ್ರಾರ್ಥನೆ ಯಾವುದನ್ನೂ ಬಿಟ್ಟವಳಲ್ಲ.

ಆತ ಹೋದ ಮೇಲೆ ಆಕೆ ಅದೇ ಮನೆಯಲ್ಲಿ ಇನ್ನು 9 ವರ್ಷ ಇದ್ದಳು. ಕ್ರಾಂತಿಯನ್ನೂ ನೋಡಿ, 1919ರ ನವೆಂಬರಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಳು. ಗಂಡನ ಪಕ್ಕದಲ್ಲಿ ಹೂಳಲಿಲ್ಲ. ಹತ್ತಿರದ ಕೋಚಕಿಯ ಚರ್ಚಿನ ಅಂಗಳದಲ್ಲಿ, ತನಗಿಂತ ಮೊದಲೇ ಹೋದ ಮಗಳು ಮಾಷಾ ಇರುವ ಕಡೆ ಹೂಳಿದರು. ಯಾಸ್ನಾಯ ಪೊಲ್ಯಾನಕ್ಕೆ ಹೋದವರು ಸಾಮಾನ್ಯವಾಗಿ ಕಾಡಿನ ದಿಬ್ಬದ ಮುಂದೆ ಫೋಟೊ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ನೀವು ಹೋದರೆ ಕೋಚಕಿಗೂ ಹೋಗಿಬನ್ನಿ, ದೂರ ಏನಿಲ್ಲ.