ಎಷ್ಟು ವಾಟ್‌ನ ಸೆಟ್ ಹಾಕಿಸಲಿ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ನಮ್ಮದು ಹೊಸನಗರ ತಾಲೂಕು, ನಗರ ಅನ್ನೋ ಊರಿನ ಹತ್ತಿರ ತೋಟದ ಮನೆ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಾನೂ ನನ್ನ ತಮ್ಮನೂ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡಿದ್ದೇವೆ. ತಮ್ಮ ಇರೋದು ತೀರ್ಥಹಳ್ಳಿಯಲ್ಲಿ. ಜೀಪಿಗೊಂದು, ಮನೆಗೊಂದು ವಿಎಚ್‌ಎಫ್ ವೈರ್‌ಲೆಸ್ ಸೆಟ್ ಹಾಕಿಸಬೇಕು. 25 ವಾಟ್ ಸಾಕಾ, 50 ಬೇಕಾ? ದೂರ ಜಾಸ್ತಿ ಸಿಗೋದಕ್ಕೆ 100 ವಾಟ್‌ನ ಆಂಪ್ಲಿಫೈಯರ್ ಹಾಕಿಸಬಹುದಾ ಸರ್?

ಈ ಪ್ರಶ್ನೆ ಸಾಗರದಿಂದ ಬರುತ್ತದೆ, ಕೊಪ್ಪದಿಂದ ಬರುತ್ತದೆ, ಶೃಂಗೇರಿಯಿಂದಲೂ ಬರುತ್ತದೆ. ಆಂಟೆನಾ ಎಲ್ಲಿ ಹಾಕಲಿ ಅಂತ ಯಾರೂ ಕೇಳಲ್ಲ. ಕೇಬಲ್ ಯಾವುದು ತರಲಿ ಅಂತ ಕೇಳಿದವರಂತೂ ಅಪರೂಪ. ಎಲ್ಲರಿಗೂ ಬೇಕಾಗಿರೋದು ವಾಟ್. ಸರಿ, ಇನ್ನೊಂದು ಸಲ ಹೇಳುತ್ತೇನೆ. ದಯವಿಟ್ಟು ಇದನ್ನು ನಿಮ್ಮ ತಮ್ಮನಿಗೂ ಕಳಿಸಿ.

ಮೊದಲು ಒಂದು ಸಮಾಧಾನದ ಮಾತು. ನೀವು ಲೈಸೆನ್ಸ್ ತೆಗೆದುಕೊಂಡು ಆಮೇಲೆ ಸೆಟ್ಟಿನ ವಿಚಾರಕ್ಕೆ ಬಂದಿದ್ದೀರಿ. ಬಹಳ ಜನ ಉಲ್ಟಾ ಮಾಡುತ್ತಾರೆ. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಅಂದರೆ ವಿಎಚ್‌ಎಫ್‌ನಲ್ಲಿ ಹ್ಯಾಮ್‌ಗಳಿಗೆ ಬಿಟ್ಟಿರುವ ಜಾಗದಲ್ಲಿ, ಮಾತಾಡಲು ಕೇಂದ್ರ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು, ಹಾಗಾಗಿ ನೆಪ ಹೇಳೋದಕ್ಕೆ ಏನೂ ಇಲ್ಲ. ಲೈಸೆನ್ಸಿನ ಒಂದು ಪ್ರತಿ ಜೀಪಿನಲ್ಲೇ ಇಟ್ಟಿರಿ. ಆಂಪ್ಲಿಫೈಯರ್ ಕನಸು ಕಾಣುವ ಮೊದಲು ನಿಮ್ಮ ದರ್ಜೆಗೆ ಎಷ್ಟು ಪವರ್ ಮಿತಿ ಅಂತ ಅದರಲ್ಲೇ ಓದಿಕೊಳ್ಳಿ.

ಈಗ ವಾಟ್ ವಿಚಾರ.

ನಿಮ್ಮೂರಲ್ಲಿ ಮೊಬೈಲ್ ಸಿಗದಿದ್ದಾಗ ಏನು ಮಾಡುತ್ತೀರಿ? ಮನೆ ಹಿಂದಿನ ಗುಡ್ಡ ಹತ್ತಿ, ಆ ಒಂದು ಬಂಡೆ ಮೇಲೆ ನಿಂತು ಮಾತಾಡುತ್ತೀರಿ. ಊರಿಗೊಂದು ಅಂಥ ಬಂಡೆ ಇದ್ದೇ ಇರುತ್ತದೆ, ಅಲ್ವಾ? ಹೊಸ ಫೋನಿಗೆ ಎಷ್ಟು ವಾಟ್ ಇದೆ ಅಂತ ಯಾವತ್ತಾದರೂ ಅಂಗಡಿಯಲ್ಲಿ ಕೇಳಿದ್ದೀರಾ? ಇಲ್ಲ. ಟವರ್ ಕಾಣುವ ಜಾಗ ಸಿಕ್ಕರೆ ಮಾತು ಸಿಗುತ್ತದೆ ಅಂತ ಮಲೆನಾಡಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಅದೇ ಬುದ್ಧಿ ವೈರ್‌ಲೆಸ್ ಸೆಟ್ ಕೊಳ್ಳುವಾಗ ಎಲ್ಲಿ ಹೋಗುತ್ತದೋ ಕಾಣೆ.

ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಬಾಗುತ್ತದೆ, ಪಕ್ಕದ ಗುಡ್ಡಕ್ಕೆ ಬಡಿದು ಒಂದಿಷ್ಟು ವಾಪಸ್ ಬರುತ್ತದೆ, ಅಷ್ಟೇ. ಬಯಲುಸೀಮೆಯಲ್ಲಿ ಲೆಕ್ಕ ಸುಲಭ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲ ತೆಗೆದು 4ರಿಂದ ಗುಣಿಸಿ. ಬರೋದು ಅದರ ದಿಗಂತ, ಕಿಲೋಮೀಟರ್ ಲೆಕ್ಕದಲ್ಲಿ. 9 ಮೀಟರ್ ಎತ್ತರದ ಮನೆಯ ಆಂಟೆನಾಕ್ಕೆ 12 ಕಿಲೋಮೀಟರ್. 2 ಮೀಟರ್ ಎತ್ತರದ ಜೀಪಿನ ಆಂಟೆನಾಕ್ಕೆ 5 ಚಿಲ್ಲರೆ. ಎರಡೂ ಕೂಡಿಸಿದರೆ ಸುಮಾರು 18. ಈ ಲೆಕ್ಕದಲ್ಲಿ ವಾಟ್ ಎಲ್ಲಾದರೂ ಬಂತಾ? ಬರಲಿಲ್ಲ. ಬಯಲಲ್ಲೇ ಹೀಗಾದರೆ, ನಗರಕ್ಕೂ ತೀರ್ಥಹಳ್ಳಿಗೂ ನಡುವೆ ಕವಲೇದುರ್ಗದಂಥ ಗುಡ್ಡಗಳು ಎದ್ದು ನಿಂತಿರುವ ಕಡೆ ಕೇಳೋದೇ ಬೇಡ. ಕಲ್ಲು ಮಣ್ಣಿನ ಗುಡ್ಡಕ್ಕೆ ನಿಮ್ಮ 25 ವಾಟೂ ಒಂದೇ, 100 ವಾಟೂ ಒಂದೇ.

"ಹಂಗಾದ್ರೆ ಜಾಸ್ತಿ ಪವರ್‌ಗೆ ಏನೂ ಬೆಲೆ ಇಲ್ವಾ?" ಇದೆ, ನೀವು ಅಂದುಕೊಂಡಷ್ಟಿಲ್ಲ. ಸೆಟ್ಟಿನ ಮುಖದ ಮೇಲೆ ಬರುವ ಸಿಗ್ನಲ್ ಎಷ್ಟು ಜೋರಿದೆ ಅಂತ ತೋರಿಸುವ ಎಸ್ ಮೀಟರ್ ಇರುತ್ತದಲ್ಲ, ಅದು ಒಂದು ಮನೆ ಮೇಲೇರಬೇಕಾದರೆ ಪವರ್ ನಾಲ್ಕು ಪಟ್ಟು ಆಗಬೇಕು. 5 ವಾಟ್‌ನಿಂದ 50ಕ್ಕೆ ಹೋದರೆ ಎರಡು ಮನೆಯೂ ಪೂರ್ತಿ ಏರಲ್ಲ. 50ರಿಂದ 100ಕ್ಕೆ ಹೋದರೆ ಅರ್ಧ ಮನೆ. ಆ ಅರ್ಧ ಮನೆಗೋಸ್ಕರ ಆಂಪ್ಲಿಫೈಯರ್‌ಗೆ ದುಡ್ಡು, ದಪ್ಪ ವೈರಿಗೆ ದುಡ್ಡು, ಬ್ಯಾಟರಿ ಮೇಲೆ ಭಾರ. ಮಾತು ಕರಕರ ಅಂತ ಅರ್ಧಂಬರ್ಧ ಕೇಳುತ್ತಿರುವ ಗಡಿಯಲ್ಲಿ ಜಾಸ್ತಿ ಪವರ್ ನಿಜಕ್ಕೂ ಸಹಾಯ ಮಾಡುತ್ತದೆ. ಏನೂ ಕೇಳದ ಕಡೆ ಮಾಡಲ್ಲ.

ಇನ್ನೊಂದು ವಿಷಯ ಯಾರೂ ಯೋಚಿಸಲ್ಲ. ನಿಮ್ಮ 100 ವಾಟ್ ನಿಮ್ಮ ಮಾತನ್ನು ತಮ್ಮನಿಗೆ ಮುಟ್ಟಿಸಿತು ಅಂತಲೇ ಇಟ್ಟುಕೊಳ್ಳೋಣ. ಅವರ ಮಾತು ನಿಮಗೆ ಕೇಳೋದಕ್ಕೆ ನಿಮ್ಮ ವಾಟ್ ಏನು ಮಾಡುತ್ತದೆ? ಸೊನ್ನೆ. ಒಳ್ಳೆಯ ಆಂಟೆನಾ ಎತ್ತರದಲ್ಲಿದ್ದರೆ ಹೋಗುವ ಮಾತಿಗೂ ಲಾಭ, ಬರುವ ಮಾತಿಗೂ ಲಾಭ.

ಇಷ್ಟು ಹೇಳಿದ ಮೇಲೂ ಒಂದು ವಾದ ಬಂದೇ ಬರುತ್ತದೆ. "ಇಲ್ಲ ಸರ್, ನಮ್ಮ ಭಾವ 5 ವಾಟ್ ಹ್ಯಾಂಡ್‌ಸೆಟ್ ಬಿಟ್ಟು ಕಾರಿಗೆ 50 ವಾಟ್ ಹಾಕಿಸಿದ್ರು, ದೂರ ಡಬಲ್ ಆಯ್ತು." ಆಗಿರುತ್ತದೆ, ನಾನು ಇಲ್ಲ ಅನ್ನಲ್ಲ. ಹ್ಯಾಂಡ್‌ಸೆಟ್ಟಿನಲ್ಲಿ ಇದ್ದದ್ದು ಗೇಣುದ್ದದ ರಬ್ಬರ್ ಆಂಟೆನಾ, ಅದೂ ಕಾರಿನ ತಗಡಿನ ಡಬ್ಬಿಯ ಒಳಗೆ. ಹೊಸ ಸೆಟ್ ಹಾಕಿಸುವಾಗ ಭಾವ ಆಂಟೆನಾವನ್ನು ಕಾರಿನ ತಲೆಯ ಮೇಲೆ ತಂದರು. ದೂರ ಕೊಟ್ಟಿದ್ದು ಮುಖ್ಯವಾಗಿ ಅದು, ಹೆಸರು ಬಂದಿದ್ದು ವಾಟ್‌ಗೆ. ಅನುಮಾನ ಇದ್ದರೆ ಆ 50 ವಾಟ್ ಸೆಟ್ಟನ್ನು 5 ವಾಟ್‌ಗೆ ಇಳಿಸಿ ಅದೇ ಜಾಗದಿಂದ ಮಾತಾಡಲಿ. ಮೆನುವಿನಲ್ಲಿ ಲೋ ಪವರ್ ಅಂತ ಇರುತ್ತದೆ. ಬಹಳ ಕಡೆ ಆ ಬದಿಯವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ.

ಇನ್ನೂ ನಂಬಿಕೆ ಬರಲಿಲ್ಲವಾ? 2005ರ ಮೇ 5ರಂದು ಇಸ್ರೋ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹ್ಯಾಮ್‌ಸ್ಯಾಟ್ ಅನ್ನುವ ಪುಟ್ಟ ಉಪಗ್ರಹ ಹಾರಿಸಿತು. ಹ್ಯಾಮ್‌ಗಳಿಗೆಂದೇ ಮಾಡಿದ್ದು. ಭೂಮಿಯಿಂದ 600 ಕಿಲೋಮೀಟರ್‌ಗೂ ಮೇಲೆ ಸುತ್ತುತ್ತಿದ್ದ ಅದರ ಟ್ರಾನ್ಸ್‌ಮಿಟರ್ 1 ವಾಟ್ ಆಸುಪಾಸಿನದು. 2014ರವರೆಗೆ ಜನ ಕೈಯಲ್ಲಿ ಯಾಗಿ ಆಂಟೆನಾ (ಹಳೆಯ ಟಿವಿ ಆಂಟೆನಾದ ಥರದ್ದು) ಹಿಡಿದು ಅದರ ಮೂಲಕ ಮಾತಾಡಿದರು. ನಡುವೆ ಗುಡ್ಡ ಇರಲಿಲ್ಲ, ಅಷ್ಟೇ ಗುಟ್ಟು. ನಿಮ್ಮ ಹತ್ತಿರದ ಉದಾಹರಣೆಯೇ ಬೇಕಾದರೆ 1343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಿ. ಆಕಾಶ ತಿಳಿಯಾಗಿದ್ದ ದಿನ ಮೇಲಿಂದ ಸಮುದ್ರ ಕಾಣುತ್ತದೆ. ಅಲ್ಲಿಂದ 5 ವಾಟ್ ಹ್ಯಾಂಡ್‌ಸೆಟ್ ಕುಂದಾಪುರದ ಕಡೆಗೆ ಆರಾಮಾಗಿ ಮಾತಾಡುತ್ತದೆ. ವಾಕಿಟಾಕಿ ಡಬ್ಬಿಗಳ ಮೇಲೆ ಅಷ್ಟುದ್ದದ ದೂರ ಬರೆದಿರುತ್ತಾರಲ್ಲ, ಅದು ಇಂಥ ಜಾಗದ ದೂರ. ನಿಮ್ಮ ತೋಟದ ಕಣಿವೆಯದ್ದಲ್ಲ.

ಆದ್ದರಿಂದ ಉತ್ತರ: 25 ವಾಟ್ ಸಾಕು. ಒಳ್ಳೆ ಕಂಪನಿಯ 50 ವಾಟ್ ಸೆಟ್ ಹೆಚ್ಚುಕಡಿಮೆ ಅದೇ ಬೆಲೆಗೆ ಸಿಕ್ಕರೆ ತಗೊಳ್ಳಿ, ಬೇಡ ಅನ್ನಲ್ಲ. ಆಂಪ್ಲಿಫೈಯರ್ ಬೇಡ. ಆ ದುಡ್ಡು ಕೇಬಲ್ಲಿಗೆ ಹಾಕಿ.

ಕೇಬಲ್ ಅಂದೆ. ಮನೆಯ ಸೆಟ್ಟಿನಿಂದ ಮಾಡಿನ ಮೇಲಿನ ಆಂಟೆನಾಕ್ಕೆ 20 ಮೀಟರ್ ಬೇಕು ಅಂತಿಟ್ಟುಕೊಳ್ಳಿ. ಅಂಗಡಿಯವರು ಕೊಡುವ ತೆಳು ಆರ್‌ಜಿ 58 ಎಳೆದರೆ 50 ವಾಟ್‌ನಲ್ಲಿ ಮೇಲೆ ಮುಟ್ಟೋದು ಸುಮಾರು 20. ಉಳಿದದ್ದು ಕೇಬಲ್ ಬೆಚ್ಚಗಾಗಲು ಖರ್ಚು. ಬರುವ ಸಿಗ್ನಲ್‌ಗೂ ಅದೇ ಗತಿ. ದಪ್ಪನೆಯ ಆರ್‌ಜಿ 213 ಹಾಕಿದರೆ 30ಕ್ಕಿಂತ ಜಾಸ್ತಿ ಮುಟ್ಟುತ್ತದೆ. ಇಷ್ಟೆಲ್ಲ ವಾಟ್ ವಾಟ್ ಅಂತ ಕೂಗಿ, ಅರ್ಧಕ್ಕಿಂತ ಹೆಚ್ಚನ್ನು ದಾರಿಯಲ್ಲೇ ಚೆಲ್ಲೋರಿಗೆ ಏನು ಹೇಳೋದು?

ಆಮೇಲೆ ನಮ್ಮ ಮಳೆ. ಕೇಬಲ್ ಆಂಟೆನಾಕ್ಕೆ ಸೇರುವ ಕಡೆಯ ಕನೆಕ್ಟರ್ ಮೇಲೆ ಸಾದಾ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಒಂದೇ ಮಳೆಗಾಲ. ದಸರಾ ಹೊತ್ತಿಗೆ ಬಿಚ್ಚಿ ನೋಡಿ, ಟೇಪಿನ ಅಂಟು ಜಿಡ್ಡಾಗಿ ಜಾರಿರುತ್ತದೆ, ಒಳಗಿನ ತಾಮ್ರದ ಜಾಲರಿ ಹಸಿರು ಕಿಲುಬು ಹಿಡಿದಿರುತ್ತದೆ, ಕೇಬಲ್ಲನ್ನು ಬಗ್ಗಿಸಿದರೆ ನೀರು ತೊಟ್ಟಿಕ್ಕುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ. ಅದನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರುವಂತೆ ಸುತ್ತಿ. ಅದರ ಮೇಲೆ ಸಾದಾ ಟೇಪ್. ಕೇಬಲ್ ಮನೆಯೊಳಗೆ ಬರುವ ತೂತಿನ ಮುಂಚೆ ಕೆಳಕ್ಕೆ ಒಂದು ಬಳುಕು ಬಿಡಿ, ನೀರು ಅಲ್ಲೇ ಬಿದ್ದುಹೋಗಲಿ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಯಲ್ಲಿ ಮೋಡ ಕಟ್ಟುವ ಮೊದಲೇ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಕಿಟಕಿಯಾಚೆ ಹಾಕಿ. ಸೆಟ್ಟಿನ ಕರೆಂಟ್ ಪ್ಲಗ್ಗನ್ನೂ ಕೀಳಿ. ಸಿಡಿಲು ಶುರುವಾದ ಮೇಲೆ ಓಡಿಹೋಗಿ ಕೇಬಲ್ ಮುಟ್ಟಬೇಡಿ.

ಜೀಪಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ತೆಗೆಯಬೇಡಿ. 50 ವಾಟ್ ಸೆಟ್ ಮಾತಾಡುವಾಗ 10 ಆಂಪ್ಸ್ ಮೇಲೆ ಎಳೆಯುತ್ತದೆ, ಆ ತೆಳು ವೈರ್ ಅದಕ್ಕೆ ಮಾಡಿದ್ದಲ್ಲ. ನೇರ ಬ್ಯಾಟರಿಯಿಂದ ದಪ್ಪ ವೈರ್ ಎಳೆಯಿರಿ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲಿ. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿನಲ್ಲಿ ವೈರ್ ಉಜ್ಜುತ್ತಾ ಇರುತ್ತದೆ, ನಮ್ಮ ಘಾಟಿ ರಸ್ತೆಯ ಕುಲುಕಾಟದಲ್ಲಿ ಒಂದು ದಿನ ಸಿಪ್ಪೆ ಹರಿದು ಶಾರ್ಟ್ ಆಗುತ್ತದೆ. ಫ್ಯೂಸ್ ಸೆಟ್ಟಿನ ಹತ್ತಿರ ಇದ್ದರೆ ಅದಕ್ಕೆ ಗೊತ್ತೂ ಆಗಲ್ಲ, ವೈರ್ ಹೊತ್ತಿ ಉರಿಯುತ್ತದೆ. ಆ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿಸಿ. ಆಂಟೆನಾಕ್ಕೆ ಒಳ್ಳೆ ಜಾಗ ತಗಡಿನ ಮಾಡಿನ ನಡುಮಧ್ಯ. ನಿಮ್ಮದು ಟಾರ್ಪಾಲ್ ಹುಡ್ಡಿನ ಜೀಪಾದರೆ ಮ್ಯಾಗ್ನೆಟ್‌ನಿಂದ ಅಂಟುವ ಆಂಟೆನಾ ಕೂರುವ ಮಾತೇ ಇಲ್ಲ. ಆಗ ಬಾನೆಟ್ ಪಕ್ಕ ಬ್ರಾಕೆಟ್ ಹಾಕಿಸಿ, ಕೆಳಗೆ ಲೋಹದ ಆಸರೆ ಬೇಡದ ಹಾಫ್ ವೇವ್ ಆಂಟೆನಾ ಕೇಳಿ ತಗೊಳ್ಳಿ.

ಇಷ್ಟೆಲ್ಲ ಮಾಡಿದರೂ ನಿಮ್ಮ ಕಣಿವೆಯಿಂದ ತೀರ್ಥಹಳ್ಳಿ ನೇರ ಸಿಗದೇ ಇರಬಹುದು. ಎರಡೂ ಊರಿಗೆ ಕಾಣುವ ಗುಡ್ಡದ ಮೇಲೆ ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ಮತ್ತೆ ಬಿತ್ತರಿಸುವ ಸೆಟ್, ಇದ್ದರೆ ಸಮಸ್ಯೆಯೇ ಇಲ್ಲ, ಇಬ್ಬರೂ ಅದಕ್ಕೆ ಮುಟ್ಟಿದರೆ ಸಾಕು. ಇಲ್ಲದಿದ್ದರೆ?

ಇದನ್ನು ನೀವು ಕೇಳಿಲ್ಲ. ಕೇಳಬೇಕಿತ್ತು. ಗುಡ್ಡ ದಾಟೋದಕ್ಕೆ ಗುಡ್ಡದ ಮೇಲಿಂದ ಹೋಗೋಣ. 7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡ್‌ನಲ್ಲಿ ಅಲೆಯನ್ನು ನೆಟ್ಟಗೆ ಆಕಾಶಕ್ಕೆ ಬಿಟ್ಟರೆ ಅದು ಮೇಲಿನ ವಾತಾವರಣದಲ್ಲಿರುವ, ಅಲೆಯನ್ನು ವಾಪಸ್ ಬಗ್ಗಿಸುವ ಪದರಕ್ಕೆ (ಅಯಾನುಗೋಳ) ತಾಗಿ ವಾಪಸ್ ಬಂದು ಸುತ್ತಲಿನ 200-300 ಕಿಲೋಮೀಟರ್‌ನಲ್ಲಿ ಇಳಿಯುತ್ತದೆ. ಕಣಿವೆಯೋ ದಿಬ್ಬವೋ ಅದಕ್ಕೆ ಲೆಕ್ಕವಿಲ್ಲ. ಅದಕ್ಕೆ ಬೇರೆ ಸೆಟ್ ಬೇಕು, ವಿಎಚ್‌ಎಫ್‌ಗಿಂತ ಕೆಳಗಿನ ಇಂಥ ಮೆಗಾಹರ್ಟ್ಸ್‌ಗಳಲ್ಲಿ ಮಾತಾಡುವ ಎಚ್‌ಎಫ್ ಸೆಟ್. ಆಂಟೆನಾ ಮಾತ್ರ ಬಡವರ ಬಂಧು: ಎರಡು ಬದಿಗೂ 10 ಮೀಟರ್ ತಾಮ್ರದ ತಂತಿ, ನಡುವೆ ಕೇಬಲ್. ಇಲ್ಲಿಯವರೆಗೆ ಎತ್ತರ ಎತ್ತರ ಅಂದವನೇ ಈಗ ಹೇಳುತ್ತಿದ್ದೇನೆ, ಇದನ್ನು 4-5 ಮೀಟರ್‌ಗಿಂತ ಮೇಲೆ ಕಟ್ಟುವ ಅಗತ್ಯವಿಲ್ಲ. ಮೇಲೆ ಹೋದಷ್ಟೂ ಅಲೆ ದೂರದ ಊರುಗಳ ಕಡೆ ವಾಲುತ್ತದೆ, ನಿಮಗೆ ಬೇಕಾಗಿರೋದು ಹತ್ತಿರದ ತೀರ್ಥಹಳ್ಳಿ. ಹಗಲು ಚೆನ್ನಾಗಿ ಕೆಲಸ ಮಾಡುತ್ತದೆ. ಕತ್ತಲಾದ ಮೇಲೆ ಹತ್ತಿರದವರು ಮಸುಕಾಗಿ ದೂರದವರು ಕೇಳಲು ಶುರುವಾಗುತ್ತಾರೆ. ಟಿಕ್ ಟಿಕ್ ಅಂತ ಸೆಕೆಂಡಿಗೊಂದು ಸದ್ದು ಬಂದರೆ ಸೆಟ್ಟನ್ನು ಬೈಯಬೇಡಿ, ಸೋಲಾರ್ ಬೇಲಿಯ ತಂತಿಗೆ ಹಸಿ ಹುಲ್ಲು ತಾಗಿದೆಯಾ ನೋಡಿ.

ತಂತಿ ಕಟ್ಟೋದಕ್ಕೆ ಕಾರ್ಬನ್ ಫೈಬರ್ ದೋಟಿ ನಿಲ್ಲಿಸಬಹುದಾ ಅಂತ ಯಾರೋ ಕೇಳೇ ಕೇಳುತ್ತಾರೆ. ಬೇಡ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಆಂಟೆನಾ ಕೆಡುವುದು ಹಾಗಿರಲಿ, ತೋಟದ ಮೇಲೆ ಹಾದುಹೋಗಿರುವ 11 ಕೆವಿ ಲೈನಿಗೆ ತಾಗಿದರೆ ಹಿಡಿದವರ ಜೀವ ಹೋಗುತ್ತದೆ. ಎರಡು ಅಡಿಕೆ ಮರ ಸಾಕು, ಲೈನಿನಿಂದ ದೂರ ಇರುವಂಥವು. ಮರಕ್ಕೆ ತಂತಿಯನ್ನು ಬಿಗಿದು ಕಟ್ಟಬೇಡಿ, ಗಾಳಿಗೆ ಮರ ತೂಗಿದಾಗ ಹರಿಯುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆ ಮೇಲೆ ಹಾಯಿಸಿ ಕಲ್ಲು ನೇತುಹಾಕಿ, ಮರದ ಜೊತೆ ಅದೂ ಏರಲಿ ಇಳಿಯಲಿ. ಇದನ್ನೆಲ್ಲ ಮೇ ತಿಂಗಳ ಒಳಗೆ ಮುಗಿಸಿ. ಆಮೇಲೆ ಪಾಚಿ ಹಿಡಿದ ಮರ ಹತ್ತೋರು ಎಷ್ಟು ಕೂಲಿ ಕೊಟ್ಟರೂ ಸಿಗಲ್ಲ.